ಚಾಳೀಸು ಬಂದ ಮೇಲೆ ಕಂಡ ಮುಖ

ರಾಜಾಜಿನಗರದ ಭಾಷ್ಯಂ ಸರ್ಕಲ್ ಹತ್ತಿರದ ಒಂದು ಕನ್ನಡಕದ ಅಂಗಡಿಯಲ್ಲಿ ನನ್ನ ಮುಖದ ಸುಕ್ಕು ನನಗೆ ಮೊದಲ ಸಲ ಕಂಡಿತು. ಆಗ ನನಗೆ 46 ವರ್ಷ. ಮಕ್ಕಳ ಉತ್ತರಪತ್ರಿಕೆಗಳನ್ನು ತೋಳು ಚಾಚಿ ದೂರ ಹಿಡಿದು ತಿದ್ದುವ ಹಾಗಾಗಿತ್ತು. ಚಾಳೀಸು ಬಂದಿದೆ ಅಂತ ಗೊತ್ತಿದ್ದೂ ಒಂದು ವರ್ಷ ಮುಂದೂಡಿದ್ದೆ. ತಯಾರಾದ ಕನ್ನಡಕ ತರಲು ಹೋದ ಸಂಜೆ ಅಂಗಡಿಯ ಹುಡುಗ ಅದನ್ನು ನನ್ನ ಮೂಗಿನ ಮೇಲೆ ಕೂರಿಸಿ, ಕೈಗನ್ನಡಿಯೊಂದನ್ನು ಮುಖದ ಹತ್ತಿರ ಹಿಡಿದ. ಕಣ್ಣಿನ ಹೊರಮೂಲೆಯಿಂದ ಕಿವಿಯ ಕಡೆಗೆ ಹೊರಟ ಮೂರು ಗೆರೆ. ಹುಬ್ಬುಗಳ ನಡುವೆ, ಬೊಟ್ಟು ಇಡುವ ಜಾಗದ ಸ್ವಲ್ಪ ಕೆಳಗೆ, ಉಗುರಿನಿಂದ ಗೀರಿದಂತೆ ಎರಡು ನೇರ ಗೆರೆ. ಮೇಲ್ದುಟಿಯ ಮೇಲೆ ನಿರಿಗೆ ಹಿಡಿದು ಬಿಟ್ಟಂಥ ಸಣ್ಣ ಸಣ್ಣ ಮಡಿಕೆ. ಎರಡೂ ಕೆನ್ನೆಗೆ ಕಂದು ಬಂಗು. ಇವು ಯಾವುವೂ ಆ ಸಂಜೆ ಹುಟ್ಟಿದ್ದಲ್ಲ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತೇ ತಲೆ ಬಾಚಿಕೊಳ್ಳುತ್ತಿದ್ದೆ. ಹತ್ತಿರದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಕಣ್ಣೊಳಗಿನ ಮಸೂರ 40ರ ಆಸುಪಾಸಿನಲ್ಲಿ ಗಡುಸಾಗುತ್ತಾ ಹೋಗಿ ಹತ್ತಿರದ ವಸ್ತು ಮಸಕಾಗುತ್ತದೆ. ಚರ್ಮ ಸಡಿಲವಾಗಿದ್ದು ಎದ್ದು ಕಾಣತೊಡಗುವುದೂ ಸುಮಾರು ಅದೇ ಹೊತ್ತಿಗೆ. ಹಾಗಾಗಿ ನಮ್ಮ ಮುಖ ಬದಲಾಗಿದ್ದು ನಮಗಿಂತ ಮುಂಚೆ ಬೇರೆಯವರಿಗೆ ಗೊತ್ತಾಗಿರುತ್ತದೆ. ಗೊತ್ತಾದವರು ಸುಮ್ಮನಿರುವುದೂ ಇಲ್ಲ.

ಅದಾಗಿ ಕೆಲವೇ ತಿಂಗಳಲ್ಲಿ ವಿಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ನೆಂಟರ ಮದುವೆ. "ಏನೇ, ಇಷ್ಟು ಇಳಿದುಹೋಗಿದೀಯ?" ಅಂದರು ಸೋದರತ್ತೆ. "ಮುಖದಲ್ಲಿ ಕಳೆನೇ ಇಲ್ವಲ್ಲೇ, ಶುಗರ್ ಚೆಕ್ ಮಾಡಿಸ್ದ್ಯಾ?" ಅಂದರು ಚಿಕ್ಕಮ್ಮ. ಊಟ ಮುಗಿಸಿ ಕೈತೊಳೆಯುವಲ್ಲಿ ನನ್ನ ಓರಗಿತ್ತಿ ಪಕ್ಕಕ್ಕೆ ಕರೆದು, "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಈ ಟ್ಯೂಬ್ ರಾತ್ರಿ ಹಚ್ಚಿ ಮಲಗಿ, ಹದಿನೈದೇ ದಿನ. ನನ್ನ ಮುಖ ನೋಡಿ" ಅಂತ ಬ್ಯಾಗಿನಿಂದ ಹೊಸ ಟ್ಯೂಬೊಂದನ್ನು ತೆಗೆದು ಕೈಯಲ್ಲಿಟ್ಟಳು. ಅವಳ ಮುಖ ನಿಜಕ್ಕೂ ಹೊಳೆಯುತ್ತಿತ್ತು. ಬೇಡ ಅನ್ನಲು ಸಂಕೋಚವಾಗಿ ತೆಗೆದುಕೊಂಡೆ. ಮನೆಗೆ ಬಂದು ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟೆ. ಆ ಟ್ಯೂಬಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಆ ಮೂವರಿಗೂ ನನ್ನ ಮೇಲೆ ಪ್ರೀತಿಯಿದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವತ್ತಿನಿಂದ ನನ್ನನ್ನು ಕಾಡುತ್ತಿರುವ ಮಾತು ಒಂದಿದೆ. ನಮ್ಮ ಮನೆಗಳಲ್ಲಿ ಹೆಣ್ಣಿನ ಮುಖದ ಬಗ್ಗೆ ತೀರ್ಪು ಕೊಡುವವರು ನೂರು ಜನ ಸಿಗುತ್ತಾರೆ. ಮುಖಕ್ಕೆ ಏನಾಗುತ್ತಿದೆ, ಯಾಕಾಗುತ್ತಿದೆ, ಯಾವುದಕ್ಕೆ ಮದ್ದಿದೆ, ಯಾವ ಮದ್ದು ಮುಖವನ್ನೇ ಸುಡುತ್ತದೆ ಅಂತ ಕೂತು ಹೇಳುವವರು ಒಬ್ಬರೂ ಇಲ್ಲ. ಆ ಖಾಲಿ ಜಾಗಕ್ಕೇ ಟ್ಯೂಬು, ಸೂಜಿ, ಜಾಹೀರಾತು ಬಂದು ಕೂರುತ್ತವೆ.

ನನಗೆ ಬೇಜಾರಾಗಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. 'ವಯಸ್ಸಾದ ಮೇಲೆ ಇದೆಲ್ಲ ಯಾಕೆ' ಅನ್ನುವವರು ನಮ್ಮಲ್ಲಿ ಬಹಳ. ದಿನಾ ಎದ್ದು ನೋಡುತ್ತಿದ್ದ ಮುಖ ನಮ್ಮನ್ನು ಕೇಳದೆ ಬೇರೆಯಾಗುತ್ತಿದ್ದರೆ ಸಂಕಟವಾಗುವುದು ಸಹಜ. ಒಂದೆರಡು ವರ್ಷ ನಮ್ಮ ಮನೆಯ ಫೋಟೊಗಳಲ್ಲಿ ನಾನಿಲ್ಲ. ಶ್ರಾವಣದ ಪೂಜೆ, ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಮೈಸೂರಿಗೆ ಹೋದದ್ದು, ಎಲ್ಲದರಲ್ಲೂ ಫೋನ್ ಹಿಡಿದವಳು ನಾನು. ಪೋಷಕರ ಆನ್‌ಲೈನ್ ಸಭೆಗೆ ಕ್ಯಾಮೆರಾ ಆಫ್ ಮಾಡಿ ಕೂತು, ನೆಟ್‌ವರ್ಕ್ ಸರಿಯಿಲ್ಲ ಅಂತ ಸುಳ್ಳು ಹೇಳಿದ್ದೇನೆ.

ಅಮ್ಮನಿಗೆ ಈ ಸಂಕಟ ಇರಲಿಲ್ಲವೇ ಅಂತ ಯೋಚಿಸುತ್ತೇನೆ. ಅವಳ ಸಾಮಾನು ಇಷ್ಟೇ: ಕಡಲೆಹಿಟ್ಟು, ಅರಿಶಿನ, ಕೊಬ್ಬರಿ ಎಣ್ಣೆ, ಒಂದು ಮೈಸೂರು ಸ್ಯಾಂಡಲ್ ಸೋಪು. 48ಕ್ಕೆ ಅವಳು ಅಜ್ಜಿಯಾದಳು. ಸುಕ್ಕು ಬರುವ ಹೊತ್ತಿಗೆ ಮನೆಯಲ್ಲಿ ಅವಳ ಸ್ಥಾನವೂ ಬದಲಾಗಿತ್ತು. ಮುಖಕ್ಕೂ ಪಾತ್ರಕ್ಕೂ ಹೊಂದಿಕೆಯಾಗಿತ್ತು. ನಮ್ಮದು ಹಾಗಲ್ಲ. 50ಕ್ಕೆ ಮಗಳು ಇನ್ನೂ ಪಿಯುಸಿ, ಮನೆಸಾಲದ ಕಂತು ಇನ್ನೂ ಏಳು ವರ್ಷ, ಕೆಲಸದಲ್ಲಿ ನಮಗಿಂತ ಹದಿನೈದು ವರ್ಷ ಚಿಕ್ಕವರ ಪಕ್ಕ ಕೂರಬೇಕು. ಬದುಕು ಇನ್ನೂ ನಡುಮಧ್ಯಾಹ್ನದಲ್ಲಿ ಇರುವಾಗ ಮುಖಕ್ಕೆ ಸಂಜೆಯಾಗುತ್ತದೆ. ಗಂಡಸರೇನೂ ಇದರಿಂದ ಹೊರಗಿಲ್ಲ. ಇಂಟರ್‌ವ್ಯೂ ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ತಲೆಗೆ ಡೈ ಹಚ್ಚಿಕೊಳ್ಳುವ ಸಾಫ್ಟ್‌ವೇರ್ ಕೆಲಸದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ಬಾಯಿ ಬಿಡುವುದಿಲ್ಲ.

ನಾನಿರುವುದು ಬಸವೇಶ್ವರನಗರದಲ್ಲಿ. ಈ ಬಡಾವಣೆಗೆ ಯಾರ ಹೆಸರಿದೆಯೋ ಆ ಬಸವಣ್ಣನವರು ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಹೇಳುವ ವಚನವೊಂದನ್ನು ಬರೆದಿದ್ದಾರೆ. ನಮ್ಮ ಶಾಲೆಯ ಮಕ್ಕಳಿಗೆ ಅದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದರಲ್ಲಿ ಬರುವ ಎರಡು ಹಳೆಯ ಮಾತು ನೆರೆ ಮತ್ತು ತೆರೆ. ನೆರೆ ಅಂದರೆ ನರೆತ ಕೂದಲು, ತೆರೆ ಅಂದರೆ ಮುಖದ ಸುಕ್ಕು. ಹೊಳೆಯ ಪ್ರವಾಹಕ್ಕೂ ನೆರೆ ಅನ್ನುತ್ತೇವೆ, ಕಡಲಿನ ಅಲೆಗೂ ತೆರೆ ಅನ್ನುತ್ತೇವೆ. ಕನ್ನಡಕ್ಕೆ ಸುಕ್ಕು ಅಂದರೆ ಅಲೆ ಅನ್ನುವ ಅರ್ಥ ಇತ್ತು. ಈಗ ನಾವು ಸುಕ್ಕು ಅಂದಾಗ ನೆನಪಾಗುವುದು ಇಸ್ತ್ರಿ ಮಾಡದ ಬಟ್ಟೆ. ಬಟ್ಟೆಯ ಸುಕ್ಕನ್ನು ತೆಗೆಯಲೇಬೇಕು ಅನ್ನಿಸುತ್ತದೆ, ಅಲೆಯನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಆ ಪಾಠವನ್ನು ಇಪ್ಪತ್ತು ವರ್ಷ ಮಾಡಿದರೂ ಈ ಮಾತು ನನಗೆ ಹೊಳೆದದ್ದು ನನ್ನ ಮುಖದಲ್ಲೇ ತೆರೆ ಕಂಡ ಮೇಲೆ.

ಇನ್ನು ಮುಖಕ್ಕೆ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ನನಗೆ ಯಾರೂ ಹೇಳದೆ ನಾನೇ ಹುಡುಕಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದು ಇದು.

ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಕೊಲಾಜನ್ ಎಂಬ ಪ್ರೋಟೀನಿನ ನಾರು. ಇಪ್ಪತ್ತರ ಹರೆಯ ದಾಟಿದ ಮೇಲೆ ಅದು ವರ್ಷಕ್ಕೆ ಸುಮಾರು ಶೇ 1ರಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಹೆಂಗಸರಿಗೆ ಇದು ನಿಧಾನದ ಇಳಿಜಾರಲ್ಲ, ನಡುವೆ ಒಂದು ದಿಣ್ಣೆಯಿಂದ ಜಾರಿದಂತೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ. ಅದರ ಮೊದಲ 5 ವರ್ಷದಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ 30ರಷ್ಟು ಹೋಗುತ್ತದೆ, ಆಮೇಲೆ ವರ್ಷಕ್ಕೆ ಶೇ 2ರಂತೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51, ನಮ್ಮಲ್ಲಿ 46–47. "ಎರಡೇ ವರ್ಷದಲ್ಲಿ ಇಷ್ಟು ವಯಸ್ಸಾದ ಹಾಗೆ ಕಾಣ್ತೀನಲ್ಲ" ಅಂತ ನಲವತ್ತೆಂಟರ ಹೆಂಗಸು ಅಳುಮುಖ ಮಾಡಿದರೆ ಅದು ಅವಳ ಭ್ರಮೆಯಲ್ಲ. ಮೈಯೊಳಗೆ ನಿಜವಾಗಿ ಆಗುತ್ತಿರುವುದನ್ನೇ ಅವಳು ಹೇಳುತ್ತಿದ್ದಾಳೆ. ಜೊತೆಗೆ ಕೆನ್ನೆಯ ಕೊಬ್ಬು ಕರಗಿ ಕೆಳಗಿಳಿಯುತ್ತದೆ, ಕಣ್ಣಿನ ಸುತ್ತಲ ಮತ್ತು ದವಡೆಯ ಮೂಳೆಯೂ ಸವೆಯುತ್ತದೆ. ಕೀಳಿಸಿಕೊಂಡ ಹಲ್ಲಿನ ಜಾಗ ಖಾಲಿ ಬಿಟ್ಟರೆ ತುಟಿ, ಗಲ್ಲ ಒಳಕ್ಕೆ ಕುಸಿಯುತ್ತವೆ. ಕ್ರೀಮಿಗೆ ದುಡ್ಡು ಹಾಕುವ ಮುಂಚೆ ಹಲ್ಲು ತೋರಿಸಿ ಅಂತ ನಾನು ಗೆಳತಿಯರಿಗೆ ಹೇಳುವುದು ಅದಕ್ಕೇ.

ಇದು ವಯಸ್ಸಿನ ಪಾಲು. ಇದಕ್ಕಿಂತ ದೊಡ್ಡ ಪಾಲು ಬಿಸಿಲಿನದು.

ಕೆಂಗೇರಿ ಉಪನಗರದಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಗಮನಿಸಿ. ಚಾಲಕರು ಬಲಗಡೆಯ ಕಿಟಕಿಗೆ ಒಂದು ಟವೆಲ್ ಸಿಕ್ಕಿಸಿಕೊಂಡಿರುತ್ತಾರೆ. ಮೈಸೂರು ರಸ್ತೆಯ ಬಿಸಿಲು ಅವರ ಬಲಗೆನ್ನೆ, ಬಲತೋಳಿನ ಮೇಲೇ ಬೀಳುತ್ತದೆ. ನಾನು ಒಮ್ಮೆ ನೋಡಿದ ಹಿರಿಯ ಚಾಲಕರೊಬ್ಬರ ಬಲತೋಳು ಎಡತೋಳಿಗಿಂತ ಎರಡು ಬಣ್ಣ ಕಪ್ಪಾಗಿತ್ತು. ಬಲಗಣ್ಣಿನ ಮೂಲೆಯ ಗೆರೆಗಳು ಎಡಗಡೆಯವಕ್ಕಿಂತ ಆಳವಾಗಿದ್ದವು. 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 69 ವರ್ಷದ ಲಾರಿ ಚಾಲಕರೊಬ್ಬರ ಫೋಟೊ ಬಂದಿತ್ತು. 28 ವರ್ಷ ಸರಕು ಸಾಗಿಸಿದವರು. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಅವರ ಮುಖದ ಎಡಭಾಗ ದಪ್ಪಗಟ್ಟಿ, ಉಳುಮೆ ಮಾಡಿದ ಹೊಲದ ಹಾಗೆ ಸಾಲುಗಟ್ಟಿತ್ತು. ಬಲಭಾಗ ಅದಕ್ಕಿಂತ ಎಷ್ಟೋ ವರ್ಷ ಚಿಕ್ಕವರ ಮುಖದಂತೆ ಇತ್ತು. ಒಂದೇ ಮುಖ, ಒಂದೇ ವಯಸ್ಸು, ಒಂದೇ ಊಟ, ಒಂದೇ ವಂಶ. ಬೇರೆಯಾಗಿದ್ದದ್ದು ಕಿಟಕಿ ಮಾತ್ರ. ಚರ್ಮ ಸುಡುವ ಯುವಿಬಿ ಕಿರಣವನ್ನು ಗಾಜು ಬಹುಮಟ್ಟಿಗೆ ತಡೆಯುತ್ತದೆ. ಆಳಕ್ಕೆ ಇಳಿದು ಕೊಲಾಜನ್ ಕತ್ತರಿಸುವ ಯುವಿಎ ಕಿರಣ ಗಾಜನ್ನು ದಾಟಿ ಬರುತ್ತದೆ.

ನಮ್ಮ ಊರು ತಂಪು ಅನ್ನುವ ಹೆಮ್ಮೆ ಇಲ್ಲಿ ನಮಗೆ ಮೋಸ ಮಾಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ದೂರದಲ್ಲಿದೆ. ಎತ್ತರ ಹೆಚ್ಚಿದಷ್ಟೂ ಅತಿನೇರಳೆ ಕಿರಣ ಹೆಚ್ಚು. ಗಾಳಿ ತಣ್ಣಗಿದೆ ಅಂತ ಕಿರಣ ತಣ್ಣಗಾಗುವುದಿಲ್ಲ, ಮೋಡವೂ ಪೂರ್ತಿ ತಡೆಯುವುದಿಲ್ಲ. ನಮ್ಮ ಚರ್ಮದ ಮೆಲನಿನ್ ಒಂದು ಕೊಡೆಯ ಹಾಗೆ ಕೆಲಸ ಮಾಡುವುದರಿಂದ ಬಿಳಿಯರಿಗಿಂತ ನಮಗೆ ಸುಕ್ಕು ತಡವಾಗಿ ಬರುತ್ತದೆ. ಕಪ್ಪು ಬಣ್ಣ ಹೀಗೆ ನಮ್ಮನ್ನು ಕಾಯುತ್ತದೆ. ಅದನ್ನೇ ನಾವು 1975ರಿಂದ, ಫೇರ್ ಅಂಡ್ ಲವ್ಲಿ ಬಂದಾಗಿನಿಂದ, ತಿಕ್ಕಿ ತೊಳೆಯಲು ನೋಡುತ್ತಿದ್ದೇವೆ. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ 'ಫೇರ್' ಹೋಯಿತು, ನಮ್ಮ ಬಾಯಿಂದ ಇನ್ನೂ ಹೋಗಿಲ್ಲ. ಮೆಲನಿನ್ ಇರುವ ಚರ್ಮಕ್ಕೆ ಗೆರೆಗಿಂತ ಮುಂಚೆ ಬರುವುದು ಕಲೆ ಮತ್ತು ಬಂಗು. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯಲ್ಲಿ ಬಿಳಿಮಚ್ಚೆ ಆಗುವುದುಂಟು. ತಲೆಯ ಡೈಯಿಂದ ಹಣೆ, ಕೆನ್ನೆ ಕಪ್ಪಾಗುವುದುಂಟು. ಕಲೆ ಹೋಗಲಿ ಅಂತ ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋದರೆ ಅಲ್ಲೇ ಸುಟ್ಟು ಹೊಸ ಕಲೆಯಾಗುತ್ತದೆ. ಇದು ನಮ್ಮ ಮನೆಮದ್ದುಗಳಲ್ಲಿ ಅತಿ ಕೆಟ್ಟದ್ದು.

ಹಾಗಾದರೆ ಮಾಡುವುದೇನು? ನನಗೆ ಸಿಕ್ಕ ಉತ್ತರ ಬಹಳ ಸಪ್ಪೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಯುವಿಎ ತಡೆಯುವ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು, ಮುಖಕ್ಕೂ ಕತ್ತಿಗೂ. ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಅದಕ್ಕೆ ದುಡ್ಡು ಸಾಲದಿದ್ದರೆ ಕೊಡೆ, ಟೋಪಿ, ಸೆರಗು. ವಿಜಯನಗರದ ಮಾರುತಿ ಮಂದಿರದ ಹತ್ತಿರ ಹೂ ಕಟ್ಟುವ ಅಮ್ಮ ಸೆರಗನ್ನು ತಲೆ ಮೇಲಿಂದ ಹುಬ್ಬಿನವರೆಗೆ ಎಳೆದುಕೊಂಡು ಕೂರುತ್ತಾರೆ. ಅವರ ಹಣೆಯಲ್ಲಿ ಗೆರೆ ಕಡಿಮೆ, ಕೈಗಳ ತುಂಬ ಗೆರೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ನೆರಳಿಲ್ಲ. ಸುಕ್ಕಿನ ಚಿಂತೆ ಉಳ್ಳವರ ಚಿಂತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಿಸಿಲಿನಲ್ಲಿ ದುಡಿಯುವವರ ಮುಖವೇ ಮೊದಲು ಬಾಡುವುದು. ಅಗಲ ಅಂಚಿನ ಒಂದು ಟೋಪಿ ಸಮವಸ್ತ್ರದ ಜೊತೆ ಅವರಿಗೆ ಸಿಗಬೇಕಾದದ್ದು, ಕೇಳಿ ಪಡೆಯಬೇಕಾದದ್ದಲ್ಲ.

ಬಂದ ಗೆರೆಯನ್ನು ಕಡಿಮೆ ಮಾಡಲು ಗಟ್ಟಿ ಪುರಾವೆಯಿರುವ ಹಚ್ಚುವ ಔಷಧ ಟ್ರೆಟಿನಾಯಿನ್. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆಂದು ಬಂತು. ಮೊಡವೆಗೆ ಹಚ್ಚಿಕೊಂಡ ನಡುವಯಸ್ಸಿನವರ ಸಣ್ಣ ಗೆರೆಗಳೂ ಮಾಸಿದ್ದನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ಗಮನಿಸಿದರು. 1995ರಲ್ಲಿ ಸುಕ್ಕಿಗೂ ಒಪ್ಪಿಗೆ ಸಿಕ್ಕಿತು. ಅದೇ ಕ್ಲಿಗ್ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ನಡೆಸಿದವರು ಅನ್ನುವುದನ್ನೂ ಮರೆಯಬಾರದು. ಔಷಧ ಕೆಲಸ ಮಾಡುತ್ತದೆ, ನಿಧಾನವಾಗಿ, ತಿಂಗಳುಗಟ್ಟಲೆ. ಮೊದಲ ವಾರಗಳಲ್ಲಿ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ. ಬಸುರಿಯರು ಹಚ್ಚುವಂತಿಲ್ಲ. ಕುಡಿಯುವ ಕೊಲಾಜನ್ ಪುಡಿಯ ಬಗ್ಗೆ ಕೇಳುತ್ತೀರಾದರೆ, ಹೊಟ್ಟೆಗೆ ಹೋದದ್ದನ್ನು ದೇಹ ಬೇಳೆಯ ಪ್ರೋಟೀನಿನ ಹಾಗೆಯೇ ಒಡೆದು ಬಳಸುತ್ತದೆ. ನಾನಂತೂ ಅದಕ್ಕೆ ದುಡ್ಡು ಹಾಕುವುದಿಲ್ಲ.

ಈಗ ಓರಗಿತ್ತಿಯ ಟ್ಯೂಬಿನ ವಿಷಯ.

ಅವಳಿಗೆ 43. ಎರಡನೇ ಬಾಣಂತನದ ನಂತರ ಕೆನ್ನೆಗೆ ಬಂಗು ಬಂದಿತ್ತು. ಪಾರ್ಲರಿನವರು ಹೇಳಿದರು, ಔಷಧಿ ಅಂಗಡಿಯವರು ಚೀಟಿ ಕೇಳದೆ ಕೊಟ್ಟರು. ಹದಿನೈದು ದಿನಕ್ಕೆ ಬಂಗು ತಿಳಿಯಾಯಿತು, ಮುಖಕ್ಕೆ ಹೊಳಪು ಬಂತು. ಮದುವೆಮನೆಯಲ್ಲಿ ನಾನು ನೋಡಿದ್ದು ಆ ಹೊಳಪನ್ನೇ. ಎಲ್ಲರೂ ಹೊಗಳಿದರು. ಹೊಗಳಿದ ಮೇಲೆ ನಿಲ್ಲಿಸುವುದು ಹೇಗೆ? ಏಳು ತಿಂಗಳು ಹಚ್ಚಿದಳು. ಊರಿಗೆ ಹೋದಾಗ ಟ್ಯೂಬ್ ಮರೆತು ಮೂರು ದಿನ ಬಿಟ್ಟಳು, ನಾಲ್ಕನೇ ದಿನ ಮುಖ ಕೆಂಡದ ಹಾಗೆ ಉರಿಯಿತು. ಹಚ್ಚಿದರೆ ತಣ್ಣಗೆ, ಬಿಟ್ಟರೆ ಬೆಂಕಿ. ದೋಸೆ ಹೆಂಚಿನ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಕೆನ್ನೆಯಲ್ಲಿ ಕೆಂಪು ದಾರದಂಥ ರಕ್ತನಾಳ ಎದ್ದವು, ಗಲ್ಲದ ಪಕ್ಕ ಕೂದಲು ಬಂತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದವಳು ಮುಖಕ್ಕೆ ಸುತ್ತಿದ್ದ ದುಪಟ್ಟಾ ತೆಗೆಯಲೇ ಇಲ್ಲ. "ಅಕ್ಕ, ನಿಮಗೆ ಕೊಟ್ಟಿದ್ನಲ್ಲ, ಹಚ್ಚಿದ್ರಾ?" ಅಂತ ಮೊದಲು ಕೇಳಿದಳು. ಇಲ್ಲ ಅಂದಾಗ ಕೂತಲ್ಲೇ ಅತ್ತಳು.

ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಮಾತು, "ಟ್ಯೂಬ್ ತಂದಿದೀರಾ?" ನನ್ನ ಬೀರುವಿನಲ್ಲಿದ್ದ, ಸೀಲು ಒಡೆಯದ ಟ್ಯೂಬನ್ನೇ ತೆಗೆದು ಕೊಟ್ಟೆ. ಹಿಂಬದಿಯ ಸಣ್ಣ ಅಕ್ಷರವನ್ನು ಅವರು ಓದಿಸಿದರು, ನನಗೆ ಅದಕ್ಕೂ ಚಾಳೀಸು ಬೇಕಾಯಿತು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್. ಮೂರೂ ನಿಜವಾದ ಔಷಧಗಳೇ, ಬಂಗಿಗೆ ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರ ಕೊಡುವಂಥವು. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳು ಮಾಡುತ್ತದೆ, ಚರ್ಮ ಅದಕ್ಕೆ ಒಗ್ಗಿ ಬಿಡಲೊಲ್ಲದಾಗುತ್ತದೆ. ಈ ಕಾಯಿಲೆ ನಮ್ಮ ದೇಶದಲ್ಲಿ ಎಷ್ಟು ಹಬ್ಬಿದೆಯೆಂದರೆ, ಭಾರತದ ಚರ್ಮವೈದ್ಯರೇ ಅದಕ್ಕೆ ಒಂದು ಹೆಸರಿಟ್ಟಿದ್ದಾರೆ: ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್, ಸ್ಟೀರಾಯ್ಡ್ ಹಚ್ಚಿ ಹಾಳಾದ ಮುಖ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಇದೆ. ಚೀಟಿ ಕೇಳದ ಅಂಗಡಿಗಳೂ ಇವೆ.

ಅವಳ ಮುಖ ಒಂದು ಹದಕ್ಕೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಬಂಗು ವಾಪಸ್ ಬಂದಿದೆ, ಮೊದಲಿಗಿಂತ ಗಾಢವಾಗಿ.

ಸ್ಟೀರಾಯ್ಡ್ ಒಂದೇ ಅಲ್ಲ. ಬಿಳುಪಾಗಿಸುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಅಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ಅಲ್ಲಿನ ವೈದ್ಯರು ಬಯಲಿಗೆ ತಂದರು. ಡಬ್ಬಿಯ ಮೇಲೆ ತಯಾರಕರ ವಿಳಾಸ, ಪದಾರ್ಥಗಳ ಪಟ್ಟಿ ಇಲ್ಲದ ಕ್ರೀಮು ಎಷ್ಟೇ ಹೊಳಪು ಕೊಡಲಿ, ಮನೆಗೆ ತರಬೇಡಿ.

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನಡೆದರೆ ಸ್ಕಿನ್, ಹೇರ್, ಲೇಸರ್ ಅನ್ನುವ ಬೋರ್ಡುಗಳು ಒಂದರ ಹಿಂದೆ ಒಂದು ಕಾಣುತ್ತವೆ. ಅವುಗಳಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಬೊಟಾಕ್ಸ್ ಹಾಕಿಸಿಕೊಂಡ ನನ್ನ ಗೆಳತಿಯೊಬ್ಬಳು ಹುಬ್ಬಿನ ನಡುವಿನ ಗೆರೆ ಹೋಗಿ ಸಂತೋಷವಾಗಿದ್ದಾಳೆ, ಅವಳ ಸಂತೋಷವನ್ನು ನಾನು ಹೀಗಳೆಯುವುದಿಲ್ಲ. ಕೆನಡಾದ ವ್ಯಾಂಕೂವರಿನ ಕರುಥರ್ಸ್ ದಂಪತಿ, ಹೆಂಡತಿ ಕಣ್ಣಿನ ವೈದ್ಯೆ, ಗಂಡ ಚರ್ಮವೈದ್ಯ, 1987ರಲ್ಲಿ ರೆಪ್ಪೆಯ ಅದುರುವಿಕೆಗೆ ಕೊಡುತ್ತಿದ್ದ ಸೂಜಿಯಿಂದ ಹುಬ್ಬಿನ ಗೆರೆ ಮಾಯವಾದದ್ದನ್ನು ಕಂಡುಕೊಂಡರು. 2002ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಪರಿಣಾಮ ಇರುವುದು ಮೂರು ನಾಲ್ಕು ತಿಂಗಳು, ಆಮೇಲೆ ಮತ್ತೆ ಸೂಜಿ, ಮತ್ತೆ ದುಡ್ಡು. ಆರೋಗ್ಯ ವಿಮೆ ಅಂದಕ್ಕಾಗಿ ಮಾಡಿಸಿಕೊಳ್ಳುವ ಇಂಥದ್ದಕ್ಕೆ ಒಂದು ಪೈಸೆ ಕೊಡುವುದಿಲ್ಲ. ತಗ್ಗು ತುಂಬಲು ಕೊಡುವ ಫಿಲ್ಲರ್ ಚುಚ್ಚುಮದ್ದು ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಚುಚ್ಚುವವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತ ವೈದ್ಯರೇ, ಚರ್ಮಶಾಸ್ತ್ರ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿದವರೇ ಅಂತ ಕೇಳುವುದು ಅನುಮಾನವಲ್ಲ, ಹಕ್ಕು. 2022ರ ಮೇ ತಿಂಗಳಲ್ಲಿ ಇದೇ ರಾಜಾಜಿನಗರದ ನವರಂಗ್ ಸರ್ಕಲ್ ಬಳಿಯ ಖಾಸಗಿ ಕೇಂದ್ರವೊಂದರಲ್ಲಿ ಕೊಬ್ಬು ಕರಗಿಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ವಾಪಸ್ ಬರಲಿಲ್ಲ. ಆ ದಿನ ಸುದ್ದಿ ನೋಡಿ ನಮ್ಮ ಬಡಾವಣೆಯ ತಾಯಂದಿರೆಲ್ಲ ತಮ್ಮ ಹೆಣ್ಣುಮಕ್ಕಳಿಗೆ ಫೋನ್ ಮಾಡಿದರು.

ಈ ರಸ್ತೆಗೆ ರಾಜ್‌ಕುಮಾರ್ ಹೆಸರಿರುವುದನ್ನು ನೆನೆದಾಗೆಲ್ಲ ಇನ್ನೊಬ್ಬರು ನೆನಪಾಗುತ್ತಾರೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಮೊದಲ ಸಲ ನಾಯಕರಾದಾಗ ನಾಯಕಿ ಪಂಡರಿಬಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮುಂದೆ ಅದೇ ಪಂಡರಿಬಾಯಿ ತೆರೆಯ ಮೇಲೆ ಅವರ ತಾಯಿಯಾದರು. ರಾಜ್‌ಕುಮಾರ್ ವಿಗ್ ಹಾಕಿಕೊಂಡು ನಾಯಕರಾಗಿಯೇ ಉಳಿದರು. ಹೊರಗೆ ಬಂದಾಗ ಬಿಳಿ ಪಂಚೆ, ಬಿಳಿ ಅಂಗಿ, ಕೂದಲು ಉದುರಿದ ತಲೆ, ಯಾವ ಮುಚ್ಚುಮರೆಯೂ ಇಲ್ಲ. ಜನ ಆ ಮುಖಕ್ಕೂ ಅಷ್ಟೇ ಕೈಮುಗಿದರು. ಕಂಠೀರವ ಸ್ಟುಡಿಯೊದ ಸಮಾಧಿಗೆ ಹೋದಾಗಲೆಲ್ಲ ಆ ಸರಳತೆಗೆ ನಾನೂ ಕೈಮುಗಿಯುತ್ತೇನೆ. ಆದರೆ ಆ ಸ್ವಾತಂತ್ರ್ಯವನ್ನು ನಾವು ಅವರ ಓರಗೆಯ ನಟಿಯರಿಗೆ ಕೊಡಲಿಲ್ಲ. ಹೆಣ್ಣಿನ ಮುಖದಲ್ಲಿ ತೆರೆ ಮೂಡಿದ ಕೂಡಲೇ ತೆರೆಯ ಮೇಲೆ ಅವಳ ಜಾಗ ಬದಲಾಗುತ್ತಿತ್ತು. 2021ರ ಕೊನೆಯಲ್ಲಿ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಶುರುವಾದಾಗ 60 ದಾಟಿದ್ದ ಉಮಾಶ್ರೀ ಅದರ ನಡುಗಂಬವಾಗಿ ನಿಂತರು. ಮೆಸ್ ನಡೆಸುವ, ಬೆವರುವ, ಗೆರೆಗಳಿರುವ ಮುಖ. ಕನ್ನಡದ ಮನೆಮನೆ ಅದನ್ನು ನೋಡಿತು, ಟಿಆರ್‌ಪಿಯಲ್ಲಿ ಮೇಲಕ್ಕೆ ಏರಿಸಿತು. ವಯಸ್ಸಾದ ಮುಖವನ್ನು ಜನ ನೋಡುವುದಿಲ್ಲ ಅನ್ನುವ ಮಾತು ಸುಳ್ಳಾಗಿದ್ದು ನಮ್ಮ ಕಣ್ಣೆದುರೇ.

ಅಮ್ಮನ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆಯೂ ಬೆಂಗಳೂರಿನ ನಮ್ಮ ಪಶ್ಚಿಮ ಭಾಗದಲ್ಲೇ ಇದೆ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ, 1918ರಲ್ಲಿ ಬೆಂಗಳೂರಿನಲ್ಲಿ ಸೋಪು, 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಸ್ಥಳಾಂತರ. ಈಗ ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು. 2025ರ ಮೇನಲ್ಲಿ ಸರ್ಕಾರ ಈ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ದೊಡ್ಡ ಗದ್ದಲವಾಯಿತು. ಕನ್ನಡದವರನ್ನು ಯಾಕೆ ಹಾಕಲಿಲ್ಲ ಅಂತ ಎಲ್ಲರೂ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ನೂರು ವರ್ಷ ದಾಟಿದ ಸೋಪು, ಅದನ್ನು ಮೂರು ತಲೆಮಾರು ಮೈಗೆ ಹಚ್ಚಿದ ಹೆಂಗಸರು. ಅದರ ಜಾಹೀರಾತಿಗೆ 60 ದಾಟಿದ ಒಂದು ಮುಖ ಯಾಕಿಲ್ಲ ಅಂತ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಾನು ಈಗ ಕೇಳುತ್ತಿದ್ದೇನೆ.

ಹೋದ ವರ್ಷ ಅರ್ಜಿಯೊಂದಕ್ಕೆ ಫೋಟೊ ಬೇಕಾಗಿ ನಮ್ಮ ಹಾವನೂರು ಸರ್ಕಲ್ ಕಡೆಯ ಸ್ಟುಡಿಯೊಗೆ ಹೋಗಿದ್ದೆ. ಹುಡುಗ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ನನ್ನ ಮುಖ ದೊಡ್ಡದು ಮಾಡಿ, "ಮೇಡಂ, ಸ್ಮೂತ್ ಮಾಡ್ಲಾ?" ಅಂದ. ನಾನು ಹೂಂ ಅನ್ನುವುದರೊಳಗೆ ಮೌಸು ಒಂದು ಸಲ ಹೋಯಿತು. ಕಣ್ಣಿನ ಮೂಲೆಯ ಗೆರೆ ಹೋದವು, ಬಂಗು ಹೋಯಿತು. ಮೂಗಿನ ಪಕ್ಕದ ಸಣ್ಣ ಗುಳಿಯೂ ಹೋಯಿತು. ಆರನೇ ವಯಸ್ಸಿನಲ್ಲಿ ನನಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಆಗಿದ್ದಾಗ ಉಳಿದ ಗುಳಿ ಅದು. ಬೇವಿನ ಎಲೆಯ ಹಾಸಿಗೆ, ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪು, ಕೆರೆಯಬೇಡ ಅಂತ ರಾತ್ರಿಯಿಡೀ ಕೈ ಹಿಡಿದುಕೊಂಡು ಕೂತಿದ್ದ ಅಪ್ಪ. "ಆ ಗುಳಿ ವಾಪಸ್ ಹಾಕಪ್ಪ" ಅಂದೆ. ಅವನು ಗುಳಿಯೊಂದನ್ನೇ ತರಲಾಗದೆ ಎಲ್ಲವನ್ನೂ ಮೊದಲಿನಂತೆ ಮಾಡಿದ. ಗೆರೆಗಳ ಸಮೇತ ಎಂಟು ಪ್ರತಿ ಪ್ರಿಂಟ್ ತೆಗೆಸಿಕೊಂಡೆ.

ಈಚೆಗೆ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಮೆಟ್ಟಿಲ ಹತ್ತಿರ ಮಗಳಿಗೆ ಫೋನಿನಲ್ಲಿ ಏನೋ ಹೇಳುತ್ತಿದ್ದೆ. ನನ್ನನ್ನು ದಾಟಿ ಹೋದ ಹುಡುಗಿಯೊಬ್ಬಳು ತಿರುಗಿ ಬಂದಳು. "ಮಿಸ್, ನೀವೇ ಅಲ್ವಾ? ನಾನು ಎಂಟನೇ ಕ್ಲಾಸು 'ಬಿ' ಸೆಕ್ಷನ್. ಧ್ವನಿ ಕೇಳಿ ಗುರುತು ಹಿಡಿದೆ." ಅವಳು ನನ್ನ ಮುಖವನ್ನು ದಾಟಿ ಹೋಗಿದ್ದಳು ಅನ್ನುವುದು ಒಂದು ಕ್ಷಣ ಚುಚ್ಚಿತು. ಅವಳು ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಊಟ ಆಯ್ತಾ ಮಿಸ್?" ಅಂದಳು, ಈಗ ಎಲ್ಲಿ ಕೆಲಸ ಮಾಡುತ್ತಿದ್ದಾಳೆ ಅಂತ ಹೇಳಿದಳು, ನನ್ನ ಕೈಚೀಲ ತೆಗೆದುಕೊಂಡು ಪ್ಲಾಟ್‌ಫಾರಂವರೆಗೆ ಬಂದಳು.

ಓದುಗರಲ್ಲಿ ಎರಡು ಬೇಡಿಕೆ. ಮುಂದಿನ ಮದುವೆಮನೆಯಲ್ಲಿ ಬಹಳ ದಿನದ ಮೇಲೆ ಸಿಕ್ಕ ಅಕ್ಕತಂಗಿಯರನ್ನು ಊಟ ಆಯಿತಾ ಅಂತ ಕೇಳಿ, ಮುಖದ ಸುದ್ದಿ ಬಿಡಿ. ಎರಡನೆಯದು ಇವತ್ತೇ ಮಾಡಬಹುದಾದದ್ದು. ಬೀರು, ಫ್ರಿಜ್, ಬಚ್ಚಲುಮನೆಯ ಕಪಾಟು ತೆರೆದು, ಮುಖಕ್ಕೆ ಹಚ್ಚುವ ಟ್ಯೂಬುಗಳನ್ನೆಲ್ಲ ಹೊರಗೆ ತೆಗೆಯಿರಿ. ಚಾಳೀಸು ಹಾಕಿಕೊಂಡು ಹಿಂಬದಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್, ಈ ನಾಲ್ಕರಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ವೈದ್ಯರು ಬರೆದುಕೊಡದೆ ಹಚ್ಚುತ್ತಿದ್ದರೆ ಇನ್ನೊಬ್ಬರಿಗೆ ಕೊಡಬೇಡಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ನಾಳೆ ಚರ್ಮದ ವೈದ್ಯರ ಹತ್ತಿರ ಹೋಗಿ.